ಪಿತ್ತಗಂಧೆಯನ್ನು ಗುರುತಿಸುವ ಬಗೆ

ಮುಂಬೈ–ಆಗ್ರಾ ಹೆದ್ದಾರಿಯು ಕಸಾರಾ ಘಟ್ಟವನ್ನೇರಿ ಇಗತ್‌ಪುರಿಯನ್ನು ದಾಟಿದ ಮೇಲೆ ಸಿಗುವ ಪೇಟೆ ಘೋಟಿ. ನಾಸಿಕ್ ಜಿಲ್ಲೆಯ ಇಗತ್‌ಪುರಿ ತಾಲ್ಲೂಕಿಗೆ ಸೇರಿದ ಈ ಊರು ಭತ್ತದ ವಹಿವಾಟಿಗೂ ಅಕ್ಕಿ ಗಿರಣಿಗಳಿಗೂ ಹೆಸರಾಗಿದೆ. ಇಲ್ಲಿಂದ ಒಂದು ರಸ್ತೆ ಸಿನ್ನರ್ ಮಾರ್ಗವಾಗಿ ಶಿರಡಿಗೆ, ಇನ್ನೊಂದು ತ್ರ್ಯಂಬಕೇಶ್ವರದ ಕಡೆಗೆ ಹೋಗುವುದರಿಂದ ಕರ್ನಾಟಕದ ಯಾತ್ರಿಕರಿಗೂ ಲಾರಿ ಚಾಲಕರಿಗೂ ಘೋಟಿ ಅಪರಿಚಿತವಲ್ಲ. ಸಹ್ಯಾದ್ರಿಯ ಮಳೆ ಈ ಭಾಗದಲ್ಲಿ ಧಾರಾಕಾರವಾಗಿ ಸುರಿಯುತ್ತದೆ. ನಾಟಿಯ ದಿನಗಳಲ್ಲಿ ಕೂಲಿಕಾರರು ಬೆಳಗಿನಿಂದ ಸಂಜೆಯವರೆಗೆ ನೆನೆದ ಬಟ್ಟೆಯಲ್ಲಿ, ಮೊಣಕಾಲುದ್ದದ ಕೆಸರಿನಲ್ಲಿ ನಿಂತು ದುಡಿಯುತ್ತಾರೆ. ಇಂತಹ ಕಾಲದಲ್ಲಿ ಚರ್ಮದ ತೊಂದರೆಗಳು ಹಲವು. ಆದರೆ ಜನರ ಬಾಯಲ್ಲಿ ಅವುಗಳಲ್ಲಿ ಅನೇಕಕ್ಕೆ ಇರುವುದು ಒಂದೇ ಹೆಸರು.

ಆ ಹೆಸರು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಪಿತ್ತದ ಸುತ್ತಲೇ ಇದೆ. ಮರಾಠಿಯವರು ‘ಅಂಗಾವರ ಪಿತ್ತ ಉಠಲಂ’ ಎನ್ನುತ್ತಾರೆ. ಕನ್ನಡಿಗರು ‘ಪಿತ್ತಗಂಧೆ ಎದ್ದಿದೆ’ ಎನ್ನುತ್ತಾರೆ. ಆಧುನಿಕ ವೈದ್ಯಶಾಸ್ತ್ರ ಇದನ್ನು ಅರ್ಟಿಕೇರಿಯ ಎಂದು ಕರೆಯುತ್ತದೆ. ಪಿತ್ತಕೋಶಕ್ಕೂ ಈ ವ್ಯಾಧಿಗೂ ನೇರವಾದ ಸಂಬಂಧವಿಲ್ಲವಾದರೂ ಎರಡೂ ಭಾಷೆಗಳು ಬಳಸುವ ‘ಏಳು’ ಎಂಬ ಕ್ರಿಯಾಪದ ಮಾತ್ರ ಬಹಳ ಯುಕ್ತವಾದುದು. ಏಕೆಂದರೆ ಏಳುವುದು ಮತ್ತು ಅಡಗುವುದು, ಇದೇ ಈ ವ್ಯಾಧಿಯ ಮುಖ್ಯ ಕುರುಹು. ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಮಾಧವನಿದಾನವೆಂಬ ಆಯುರ್ವೇದ ಗ್ರಂಥವು ಶೀತಪಿತ್ತ, ಉದರ್ದ, ಕೋಠ ಎಂಬ ಹೆಸರುಗಳಲ್ಲಿ ಇದನ್ನು ವಿವರಿಸಿ, ಕಣಜ ಕಚ್ಚಿದಾಗ ಏಳುವ ಬಾವಿಗೆ ಇದನ್ನು ಹೋಲಿಸಿರುವುದು ಗಮನಾರ್ಹವಾಗಿದೆ.

ಚರ್ಮದಲ್ಲಿ ನಡೆಯುವುದೇನು?

ಚರ್ಮದ ಒಳಪದರದಲ್ಲಿ ಮಾಸ್ಟ್ ಕೋಶಗಳೆಂಬ ಕಣಭರಿತ ಕೋಶಗಳಿವೆ. ಯಾವುದಾದರೊಂದು ಪ್ರಚೋದನೆಯಿಂದ ಇವು ಕೆರಳಿದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೊರಬರುತ್ತವೆ. ಆಗ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಅವುಗಳ ಗೋಡೆಯಿಂದ ದ್ರವವು ಸುತ್ತಲಿನ ಅಂಗಾಂಶಕ್ಕೆ ಒಸರಿ ಚರ್ಮ ಉಬ್ಬುತ್ತದೆ. ನರತುದಿಗಳು ಕೆರಳಿ ತುರಿಕೆ ಉಂಟಾಗುತ್ತದೆ. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1927ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕೆಂಪು, ಉಬ್ಬು, ಸುತ್ತಲಿನ ಕೆಂಪು ವಲಯಗಳ ಸರಣಿಯನ್ನು ವಿವರವಾಗಿ ನಿರೂಪಿಸಿದರು. ಒಸರಿದ ದ್ರವವು ಕೆಲವು ಗಂಟೆಗಳಲ್ಲಿ ಮತ್ತೆ ಹೀರಲ್ಪಡುತ್ತದೆ. ಚರ್ಮದ ಮೇಲ್ಪದರಕ್ಕೆ ಯಾವ ಹಾನಿಯೂ ಆಗಿರುವುದಿಲ್ಲವಾದುದರಿಂದ ಗಂಧೆಯು ಹೊಟ್ಟು, ಹಕ್ಕಳೆ, ಕಲೆ ಯಾವುದನ್ನೂ ಉಳಿಸದೆ ಮಾಯವಾಗುತ್ತದೆ.

ಗುರುತಿಸುವ ಕ್ರಮ

ಗಂಧೆಗಳು ಸಾಸಿವೆ ಕಾಳಿನಷ್ಟು ಚಿಕ್ಕವಾಗಿರಬಹುದು, ಅಂಗೈಯಷ್ಟು ಅಗಲವಾಗಿಯೂ ಇರಬಹುದು. ಒಂದರೊಡನೊಂದು ಕೂಡಿ ಭೂಪಟದಂತೆ ಹರಡುವುದೂ ಉಂಟು. ವೈದ್ಯಕೀಯ ಪುಸ್ತಕಗಳಲ್ಲಿ ಇವುಗಳನ್ನು ಕೆಂಪು ಅಥವಾ ಗುಲಾಬಿ ಬಣ್ಣದವೆಂದು ವರ್ಣಿಸಿರುವುದು ಸಾಮಾನ್ಯ. ಆ ವರ್ಣನೆ ಬಿಳಿಯ ಮೈಬಣ್ಣವನ್ನು ನೋಡಿ ಬರೆದುದು. ಗದ್ದೆಯ ಬಿಸಿಲಿನಲ್ಲಿ ದುಡಿದ ಕಪ್ಪು ಮೈಯಲ್ಲಿ ಕೆಂಪು ಕಾಣಿಸದೇ ಹೋಗಬಹುದು. ಗಂಧೆಯು ಚರ್ಮದ ಬಣ್ಣದಲ್ಲಿಯೇ ಅಥವಾ ತುಸು ಗಾಢವಾಗಿ ಕಾಣಬಹುದು. ಆದುದರಿಂದ ಬಣ್ಣಕ್ಕಿಂತ ಉಬ್ಬನ್ನೇ ನೋಡಬೇಕು. ಬೆಳಕನ್ನು ಪಕ್ಕದಿಂದ ಬೀಳಿಸಿ ನೋಡಿದರೆ, ಇಲ್ಲವೆ ಬೆರಳ ತುದಿಯನ್ನು ಮೆಲ್ಲನೆ ಆಡಿಸಿದರೆ ಅಂಚು ಸ್ಪಷ್ಟವಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ನಂಬಲರ್ಹವಾದ ಪರೀಕ್ಷೆಗೆ ಬೇಕಾದುದು ಒಂದು ಬಾಲ್‌ಪೆನ್ ಮಾತ್ರ. ಹೊಸದಾಗಿ ಎದ್ದ ಒಂದೆರಡು ಗಂಧೆಗಳ ಸುತ್ತ ಗೆರೆ ಎಳೆದು ಸಮಯವನ್ನು ಬರೆದಿಡಬೇಕು. ಪಿತ್ತಗಂಧೆಯಾಗಿದ್ದರೆ ಸಾಮಾನ್ಯವಾಗಿ 24 ಗಂಟೆಗಳೊಳಗೆ ಆ ಗೆರೆಯೊಳಗಿನ ಚರ್ಮ ಮೊದಲಿನಂತಾಗಿರುತ್ತದೆ. ಹೊಸ ಗಂಧೆಗಳು ಬೇರೆಡೆ ಎದ್ದಿರಬಹುದು. ರೋಗಿಗೆ ‘ಮೂರು ದಿನದಿಂದ ಇದೆ’ ಎನಿಸಿದರೂ ಯಾವುದೇ ಒಂದು ಗಂಧೆ ಮೂರು ದಿನ ನಿಂತಿರುವುದಿಲ್ಲ. ಗೆರೆಯೊಳಗಿನ ಉಬ್ಬು ಮರುದಿನವೂ ಅಲ್ಲೇ ಇದ್ದು, ತುರಿಕೆಗಿಂತ ಉರಿ ಅಥವಾ ನೋವೇ ಹೆಚ್ಚಾಗಿ, ಅಡಗಿದ ಮೇಲೆ ಕಂದು ಕಲೆ ಉಳಿದರೆ ಅದು ರಕ್ತನಾಳಗಳ ಉರಿಯೂತವಿರಬಹುದು. ಅಂತಹವರು ಚರ್ಮತಜ್ಞರನ್ನು ಕಾಣಲೇಬೇಕು.

ಗಂಧೆಯೆಂದು ಭ್ರಮೆ ಹುಟ್ಟಿಸುವ ಇತರ ತೊಂದರೆಗಳು ಹೆಚ್ಚಾಗಿ ಈ ಪೆನ್ನಿನ ಪರೀಕ್ಷೆಯಲ್ಲಿಯೇ ಬೇರ್ಪಡುತ್ತವೆ. ಹುಳುಕಡ್ಡಿಯಲ್ಲಿ ಅಂಚಿಗೆ ಹೊಟ್ಟಿರುತ್ತದೆ, ಉಂಗುರವು ದಿನದಿನಕ್ಕೆ ನಿಧಾನವಾಗಿ ಅಗಲವಾಗುತ್ತದೆ. ಕಜ್ಜಿಯ ತುರಿಕೆ ರಾತ್ರಿ ಹೆಚ್ಚು. ಬೆರಳುಗಳ ಸಂದಿಯಲ್ಲಿ ನೆಲೆಸಿ ಮನೆಮಂದಿಗೆಲ್ಲ ಹರಡುತ್ತದೆ. ಕೀಟ ಕಚ್ಚಿದ ಗಾಯಕ್ಕೆ ನಡುವೆ ಚುಕ್ಕೆಯಿರುವುದುಂಟು. ಪುಣೆಯಲ್ಲಿ 1950ರ ದಶಕದ ಮಧ್ಯದಲ್ಲಿ ಗಮನಕ್ಕೆ ಬಂದು ಮಹಾರಾಷ್ಟ್ರ, ಕರ್ನಾಟಕಗಳೆರಡನ್ನೂ ಆವರಿಸಿದ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ತರುವ ಚರ್ಮರೋಗವು ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ದಪ್ಪನಾಗಿ, ಒರಟಾಗಿ ವಾರಗಟ್ಟಲೆ ಉಳಿಯುತ್ತದೆ. ಬೇಲಿಯ ಮೇಲೆ ಹಬ್ಬುವ ನಸುಗುನ್ನಿಯ ಕಾಯಿಯ ರೋಮ ತಾಗಿದರೆ ತಡೆಯಲಾರದ ತುರಿಕೆ ಹುಟ್ಟುತ್ತದೆ; ಅದರ ಮೂಲ ಹೆಚ್ಚಾಗಿ ಹಿಸ್ಟಮಿನ್ ಅಲ್ಲ, ರೋಮದಲ್ಲಿರುವ ಒಂದು ಕಿಣ್ವ. ಹಿಸ್ಟಮಿನ್ ತಡೆಯುವ ಮಾತ್ರೆ ಅಲ್ಲಿ ಅಷ್ಟಾಗಿ ಫಲಕಾರಿಯಾಗದಿರುವುದು ಈ ಕಾರಣದಿಂದಲೇ. ಇನ್ನು, ತುರಿಕೆಯಿಲ್ಲದ, ಸ್ಪರ್ಶಜ್ಞಾನ ಕುಂದಿದ, ತಿಂಗಳುಗಟ್ಟಲೆ ಒಂದೇ ಕಡೆ ಇರುವ ಮಚ್ಚೆಯನ್ನು ಎಂದಿಗೂ ಪಿತ್ತವೆಂದು ಕಡೆಗಣಿಸಬಾರದು. ಅದು ಕುಷ್ಠದ ಆರಂಭವಿರಬಹುದು, ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ.

ಕಾರಣಗಳ ವಿಚಾರ

ಐವರಲ್ಲಿ ಒಬ್ಬರಿಗಾದರೂ ಜೀವಮಾನದಲ್ಲಿ ಒಮ್ಮೆ ಪಿತ್ತಗಂಧೆ ಏಳುತ್ತದೆಂದು ಅಂದಾಜಿದೆ. ಮಕ್ಕಳಲ್ಲಿ ಇದಕ್ಕೆ ನೆಗಡಿ, ಜ್ವರಗಳಂತಹ ವೈರಾಣು ಸೋಂಕುಗಳೇ ಸಾಮಾನ್ಯ ಕಾರಣ. ದೊಡ್ಡವರಲ್ಲಿ ನೋವಿನ ಮಾತ್ರೆಗಳಾದ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್, ಮತ್ತು ಪೆನಿಸಿಲಿನ್ ವರ್ಗದ ಔಷಧಗಳನ್ನು ಮೊದಲು ಶಂಕಿಸಬೇಕು. ನಾಟಿಯ ಬೆನ್ನುನೋವಿಗೆ ಅಂಗಡಿಯಿಂದ ತಂದು ನುಂಗಿದ ಮಾತ್ರೆಯನ್ನು ಯಾರೂ ಔಷಧವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ವೈದ್ಯರು ಕೇಳಿದಾಗ ಅದರ ಮಾತೇ ಬರುವುದಿಲ್ಲ. ಆಹಾರ ಕಾರಣವಾಗಿದ್ದರೆ ತಿಂದ ಕೆಲವೇ ನಿಮಿಷಗಳಿಂದ ಸುಮಾರು ಎರಡು ಗಂಟೆಗಳೊಳಗೆ ಗಂಧೆ ಏಳುತ್ತದೆ, ಮತ್ತು ಅದೇ ಆಹಾರ ತಿಂದಾಗಲೆಲ್ಲ ಮರುಕಳಿಸುತ್ತದೆ. ಶೇಂಗಾ, ಮೊಟ್ಟೆ, ಹಾಲು, ಮೀನು, ಸೀಗಡಿ ಇಂತಹವು. ‘ನಂಜು’ ಎಂಬ ಹೆಸರಿನಲ್ಲಿ ಬದನೆಕಾಯಿಯ ಮೇಲೆ ಹೊರಿಸುವ ಆರೋಪಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಘೋಟಿಯಂತಹ ಮಳೆನಾಡಿನಲ್ಲಿ ವಿಶೇಷವಾಗಿ ತಿಳಿದಿರಬೇಕಾದುದು ಶೀತಜನ್ಯ ಗಂಧೆ. ಕೆಲವರಿಗೆ ತಣ್ಣನೆಯ ಗಾಳಿ ಅಥವಾ ನೀರು ತಾಗಿ, ಮೈ ಮತ್ತೆ ಬೆಚ್ಚಗಾಗುವ ಹೊತ್ತಿಗೆ ತಾಗಿದ ಭಾಗವೆಲ್ಲ ಉಬ್ಬುತ್ತದೆ. ಮುಂಗೈ ಮೇಲೆ ಸುಮಾರು ಐದು ನಿಮಿಷ ಮಂಜುಗಡ್ಡೆ ಇಟ್ಟು ವೈದ್ಯರು ಇದನ್ನು ಖಚಿತಪಡಿಸಿಕೊಳ್ಳುತ್ತಾರೆ. ಕೈಕಾಲು ನೆನೆದಾಗ ಇದು ಕಿರಿಕಿರಿಯಷ್ಟೇ; ಆದರೆ ಇದೇ ವ್ಯಕ್ತಿ ಕೆರೆಗೋ ಜಲಾಶಯಕ್ಕೋ ಜಲಪಾತದ ಮಡುವಿಗೋ ಧುಮುಕಿದರೆ ಇಡೀ ಮೈಯಲ್ಲಿ ಏಕಕಾಲಕ್ಕೆ ಹಿಸ್ಟಮಿನ್ ಬಿಡುಗಡೆಯಾಗಿ ರಕ್ತದೊತ್ತಡ ಕುಸಿದು ನೀರಿನಲ್ಲೇ ಪ್ರಜ್ಞೆ ತಪ್ಪಬಹುದು. ಪುಣ್ಯಸ್ನಾನಕ್ಕೆ ಇಳಿಯುವ ಯಾತ್ರಿಕರಿಗೂ ಈ ಮಾತು ಅನ್ವಯಿಸುತ್ತದೆ. ಇದಲ್ಲದೆ ಉಗುರಿನಿಂದ ಗೀರಿದಲ್ಲಿ, ಹೊರೆಯ ಹಗ್ಗ ಒತ್ತಿದಲ್ಲಿ, ಬೆವರಿದಾಗ ಏಳುವ ಗಂಧೆಗಳೂ ಇವೆ.

ಅಪಾಯದ ಚಿಹ್ನೆಗಳು

ಮೈತುಂಬ ಗಂಧೆ ಎದ್ದಿದೆಯೆಂಬುದೊಂದೇ ಅಪಾಯದ ಅಳತೆಯಲ್ಲ. ಅಪಾಯವನ್ನು ಚರ್ಮದ ಹೊರಗೆ ಹುಡುಕಬೇಕು. ನಾಲಿಗೆ ಅಥವಾ ಗಂಟಲು ಬಿಗಿಯುವುದು, ದನಿ ಗೊಗ್ಗರಾಗುವುದು, ಉಸಿರಾಟದಲ್ಲಿ ಸಿಳ್ಳೆಯ ಸದ್ದು, ಪದೇ ಪದೇ ವಾಂತಿ ಅಥವಾ ತೀವ್ರ ಹೊಟ್ಟೆನೋವು, ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಯಾವುದೊಂದು ಗಂಧೆಯ ಜೊತೆ ಕಂಡರೂ ಅದು ಅನಫಿಲ್ಯಾಕ್ಸಿಸ್ ಎಂಬ ಪ್ರಾಣಾಂತಿಕ ಸ್ಥಿತಿಯಿರಬಹುದು. ಹೆಜ್ಜೇನು, ಕಣಜಗಳು ಕುಟುಕಿದ ಮೇಲೆ, ಚುಚ್ಚುಮದ್ದಿನ ನಂತರ, ಊಟದ ನಂತರ ಇದು ನಿಮಿಷಗಳಲ್ಲಿ ಏರಬಹುದು. ಕೆಲವು ಸಂದರ್ಭಗಳಲ್ಲಿ ಗಂಧೆಯೇ ಇಲ್ಲದೆಯೂ ಬರುವುದುಂಟು.

ಇದಕ್ಕೆ ಪ್ರಥಮ ಔಷಧ ಅಡ್ರಿನಲಿನ್. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಈ ಚುಚ್ಚುಮದ್ದಿನ ಪ್ರಮಾಣ ವಯಸ್ಕರಿಗೆ 0.5 ಮಿಲಿಗ್ರಾಂ. ಅಗತ್ಯವಿದ್ದರೆ ಐದು ನಿಮಿಷಗಳ ನಂತರ ಮತ್ತೆ ಕೊಡುತ್ತಾರೆ. ಅದು ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಅಲರ್ಜಿ ಮಾತ್ರೆ ಅಥವಾ ಸ್ಟೆರಾಯ್ಡ್ ಚುಚ್ಚುಮದ್ದು ಇದರ ಸ್ಥಾನವನ್ನು ತುಂಬಲಾರವು. ಅವು ಕೆಲಸ ಮಾಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ 108ಕ್ಕೆ ಕರೆ ಮಾಡಬಹುದು. ವಾಹನ ಬರುವವರೆಗೆ ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರು ಕಟ್ಟುತ್ತಿದ್ದರೆ ಮಾತ್ರ ಒರಗಿ ಕೂರಿಸಬಹುದು. ಗದ್ದೆಯಿಂದ ರಸ್ತೆಯವರೆಗೆ ನಡೆಸಿಕೊಂಡು ಹೋಗುವುದು ಅಪಾಯಕರ. ಚೇತರಿಸಿಕೊಂಡಂತೆ ಕಂಡರೂ ಲಕ್ಷಣಗಳು ಕೆಲವು ಗಂಟೆಗಳ ನಂತರ ಮರಳಬಹುದಾದುದರಿಂದ ಆಸ್ಪತ್ರೆಯಲ್ಲಿ ನಿಗಾ ಅವಶ್ಯಕ.

ಗಂಧೆಯಿಲ್ಲದೆ ತುಟಿ, ಕಣ್ಣರೆಪ್ಪೆ, ನಾಲಿಗೆಗಳಷ್ಟೇ ಮತ್ತೆ ಮತ್ತೆ ಊದಿಕೊಳ್ಳುವುದು ಬೇರೆಯದೇ ವಿಷಯ. ರಕ್ತದೊತ್ತಡಕ್ಕೆ ಸೇವಿಸುವ ಎನಲಪ್ರಿಲ್, ರಾಮಿಪ್ರಿಲ್ ವರ್ಗದ ಮಾತ್ರೆಗಳಿಂದ ಅಥವಾ ವಂಶಪಾರಂಪರ್ಯ ದೋಷದಿಂದ ಹೀಗಾಗಬಹುದು. ಅಲರ್ಜಿ ಮಾತ್ರೆ ಇದಕ್ಕೆ ನಾಟುವುದಿಲ್ಲ.

ಉಪಶಮನ

ಸಾಮಾನ್ಯ ಗಂಧೆಗೆ ವೈದ್ಯರು ಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್‌ಗಳಂತಹ ಮಾತ್ರೆಗಳನ್ನು ಸೂಚಿಸುತ್ತಾರೆ. ಫೆನಿರಮಿನ್, ಕ್ಲೋರ್‌ಫೆನಿರಮಿನ್‌ಗಳಂತಹ ಹಳೆಯ ಮಾತ್ರೆಗಳೂ ಗಂಧೆಯನ್ನು ಇಳಿಸುತ್ತವೆ, ಆದರೆ ಗಾಢ ನಿದ್ದೆ ತರುತ್ತವೆ. ಘೋಟಿಯ ಅಂಗಡಿಯಲ್ಲಿ ಅಂತಹ ಮಾತ್ರೆ ನುಂಗಿ ಕಸಾರಾ ಘಟ್ಟವನ್ನು ಇಳಿಯಹೊರಟ ಚಾಲಕನಿಗೆ ಗಂಧೆಗಿಂತ ಮಾತ್ರೆಯೇ ಹೆಚ್ಚಿನ ಅಪಾಯ. ಸೆಟ್ರಿಜಿನ್‌ನಿಂದಲೂ ಕೆಲವರಿಗೆ ತೂಕಡಿಕೆ ಬರುತ್ತದೆ.

ಮಹಾರಾಷ್ಟ್ರದ ಮನೆಗಳಲ್ಲಿ ಆಮ್‌ಸೂಲ್ ನೆನೆಸಿದ ನೀರನ್ನು ಮೈಗೆ ಸವರುವ ರೂಢಿಯಿದೆ; ಕರಾವಳಿ ಕನ್ನಡಿಗರ ಮುರುಗಲು, ಪುನರ್ಪುಳಿಯೂ ಇದೇ ಹಣ್ಣು. ತಂಪಿನಿಂದ ತುರಿಕೆ ತುಸು ತಗ್ಗುವುದರಿಂದ ಇದಕ್ಕೆ ಆಕ್ಷೇಪವಿಲ್ಲ. ಶೀತಜನ್ಯ ಗಂಧೆಯವರಿಗೆ ಮಾತ್ರ ತಂಪು ಸಲ್ಲದು. ಕಂಬಳಿಯಿಂದ ಉಜ್ಜುವ ಪದ್ಧತಿಯನ್ನಂತೂ ಕೈಬಿಡಬೇಕು. ಉಜ್ಜುವಿಕೆ ಮತ್ತು ಬಿಸಿ ಎರಡೂ ಗಂಧೆಯನ್ನು ಹೆಚ್ಚಿಸುತ್ತವೆ.

ಆರು ವಾರಗಳನ್ನು ಮೀರಿ ಹೆಚ್ಚುಕಡಮೆ ದಿನವೂ ಗಂಧೆ ಏಳುತ್ತಿದ್ದರೆ ಅದನ್ನು ದೀರ್ಘಕಾಲಿಕವೆನ್ನುತ್ತಾರೆ. ಇಲ್ಲಿ ಹೊರಗಿನ ಕಾರಣ ಸಿಗುವುದು ಅಪರೂಪ. ದೇಹದ ರಕ್ಷಣಾವ್ಯವಸ್ಥೆಯೇ ಮಾಸ್ಟ್ ಕೋಶಗಳನ್ನು ಕೆರಳಿಸುತ್ತಿರುವುದು ಅನೇಕರಲ್ಲಿ ಕಂಡುಬಂದಿದೆ. ಪಥ್ಯದ ಹೆಸರಿನಲ್ಲಿ ಒಂದೊಂದೇ ಆಹಾರ ಬಿಡುತ್ತ ಸೊರಗುವುದರಿಂದ ಪ್ರಯೋಜನವಿಲ್ಲ. ಮಾತ್ರೆಯನ್ನು ವೈದ್ಯರ ಸೂಚನೆಯಂತೆ ನಿತ್ಯವೂ ಸೇವಿಸಬೇಕಾಗುತ್ತದೆ.

ಇಂತಹ ರೋಗಿಗಳ ಒಂದು ಸಾಮಾನ್ಯ ದೂರು, ವೈದ್ಯರ ಮುಂದೆ ಕುಳಿತಾಗ ತೋರಿಸಲು ಮೈಮೇಲೆ ಏನೂ ಇರುವುದಿಲ್ಲವೆಂಬುದು. ರಾತ್ರಿ ಎದ್ದ ಗಂಧೆ ಬೆಳಿಗ್ಗೆ ಬಸ್ಸು ಹಿಡಿಯುವಷ್ಟರಲ್ಲಿ ಅಡಗಿರುತ್ತದೆ. ಗಂಧೆ ಎದ್ದಾಗಲೇ ಮೊಬೈಲ್ ಫೋನಿನಲ್ಲಿ ಪಕ್ಕದ ಬೆಳಕಿನಲ್ಲಿ ಒಂದು ಚಿತ್ರ, ಪೆನ್ನಿನ ಗೆರೆಯೊಡನೆ ಮರುದಿನ ಅದೇ ಜಾಗದ ಇನ್ನೊಂದು ಚಿತ್ರ ತೆಗೆದಿಟ್ಟುಕೊಂಡು, ಆ ದಿನ ನುಂಗಿದ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಜೊತೆಗೆ ಒಯ್ದರೆ, ಬರಿಗಣ್ಣಿಗೆ ಏನೂ ಕಾಣದ ಚರ್ಮವನ್ನು ನೋಡಿಯೂ ವೈದ್ಯರು ನಿರ್ಣಯಕ್ಕೆ ಬರಬಲ್ಲರು.