ಲಸಿಕೆಯ ಲೆಕ್ಕ: ಬಟ್ಟೆಚೀಲದಿಂದ ಕ್ಯೂಆರ್ ಕೋಡ್‌ವರೆಗೆ

ಆರೋಗ್ಯ ಉಪಕೇಂದ್ರಗಳಲ್ಲಿ ಟಿಕ್ಲರ್ ಬ್ಯಾಗ್ ಎಂಬ ಬಟ್ಟೆಚೀಲವಿರುತ್ತದೆ, ತಿಂಗಳಿಗೊಂದು ಜೇಬು. ತಾಯಿ ಕಾರ್ಡಿನಿಂದ ಹರಿದಿಟ್ಟುಕೊಂಡ ಪ್ರತಿಯನ್ನು ಮುಂದಿನ ಲಸಿಕೆಯ ತಿಂಗಳ ಜೇಬಿಗೆ ಸೇರಿಸುತ್ತಾರೆ. ತಿಂಗಳು ಮುಗಿದಾಗ ಜೇಬಿನಲ್ಲೇ ಉಳಿದ ಚೀಟಿಗಳೆಂದರೆ ಲಸಿಕೆ ತಪ್ಪಿದ ಮಕ್ಕಳು. ಇದಕ್ಕಿಂತ ಸರಳ ವ್ಯವಸ್ಥೆ ಇನ್ನೊಂದಿಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಂತೆ ಒಂದೇ ಕಡೆ ನೆಲೆನಿಂತವರಿಗೆ ಅಷ್ಟು ಸಾಕು. ಆದರೆ ಜಮಖಂಡಿ, ಮುಧೋಳದ ಕಬ್ಬಿನ ಸೀಮೆಗೆ ಹಂಗಾಮಿನಲ್ಲಿ ಮಹಾರಾಷ್ಟ್ರದ ಕಟಾವು ಗ್ಯಾಂಗ್‌ಗಳು ಮಕ್ಕಳನ್ನು ಕಟ್ಟಿಕೊಂಡು ಬರುತ್ತವೆ. ಬೀಳಗಿಯಂಥ ಕಡೆಯಿಂದ ದುಡಿಯಲು ಹೊರಗೆ ಹೋಗುವವರೂ ಇದ್ದಾರೆ. ಪೆಂಟಾವೇಲೆಂಟ್ ಲಸಿಕೆ ಬೀಳಬೇಕಾದದ್ದು 6, 10, 14ನೇ ವಾರಗಳಲ್ಲಿ. ಆ ಎರಡು ತಿಂಗಳಲ್ಲಿ ಮಗು ಊರು ಬಿಟ್ಟರೆ, ಹಿಂದಿನ ಊರಿನ ಚೀಲದಲ್ಲಿ ಉಳಿದ ಚೀಟಿ ಹೊಸ ಊರಿನ ನರ್ಸಮ್ಮನಿಗೆ ಏನನ್ನೂ ಹೇಳದು.

ಈ ಕೊರತೆ ನೀಗಲೆಂದೇ ಕಂಪ್ಯೂಟರ್ ಬಂತು: 2009ರ ಕೊನೆಗೆ ತಾಯಿ-ಮಗುವಿನ ಜಾಡು ಹಿಡಿಯುವ ಎಂಸಿಟಿಎಸ್, ಆಮೇಲೆ ಆರ್‌ಸಿಎಚ್ ಪೋರ್ಟಲ್, 2016ರಲ್ಲಿ ಟ್ಯಾಬ್ಲೆಟ್ಟಿನ ಅನ್ಮೋಲ್, 2023ರ ಜನವರಿಯಲ್ಲಿ ದೇಶದ 65 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಲಸಿಕೆ ದಾಖಲಿಸುವ ಯು-ವಿನ್. ಉದ್ದೇಶವೆಲ್ಲ ಒಳ್ಳೆಯದೇ. ಆದರೆ ಹೊಸದು ಬಂದಾಗ ಹಳೆಯ ರಿಜಿಸ್ಟರ್ ಮುಚ್ಚದಿದ್ದರೆ ಅದೇ ಹೆಸರು, ಅದೇ ತಾರೀಖನ್ನು ಕೈಯಲ್ಲೂ ಬರೆಯಬೇಕು, ಬೆರಳಲ್ಲೂ ಒತ್ತಬೇಕು. ಒಂದು ಅಂಕಿ ತಪ್ಪಿದರೆ ಒಂದೇ ಮಗು ಎರಡಾಗುತ್ತದೆ. ಬರೆಯುವ ಬದಲು ಕೋಡ್ ಸ್ಕ್ಯಾನಿಂಗ್ ಬೇಕು ಅನ್ನಲು ನನಗೆ ಇದೇ ಮುಖ್ಯ ಕಾರಣ. ಯು-ವಿನ್ ಪ್ರಮಾಣಪತ್ರದಲ್ಲಿ ಕ್ಯೂಆರ್ ಕೋಡ್ ಹೇಗೂ ಇದೆ. ಅಂಥದ್ದೇ ಕೋಡ್ ತಾಯಿ ಕಾರ್ಡಿನ ಮೇಲಿದ್ದು, ತೋರಿಸಿದೊಡನೆ ಮಗುವಿನ ಪುಟ ತೆರೆಯುವಂತಿರಬೇಕು. ಲಸಿಕೆ ಶೀಶೆಯ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನವನ್ನೂ ಇದೇ ರೀತಿ ಓದಬಹುದು. ಅಮೆರಿಕದಲ್ಲಿ 2011ರ ಹೊತ್ತಿಗೇ ಇದರ ಪ್ರಯೋಗ ಶುರುವಾಗಿತ್ತು.

ತೋಟದ ವಸತಿಗಳಲ್ಲಿ ನೆಟ್‌ವರ್ಕ್ ಎಲ್ಲಿದೆ ಎಂದು ಕೇಳುವವರಿದ್ದಾರೆ. ಕೋಡ್ ಓದಲು ನೆಟ್‌ವರ್ಕ್ ಬೇಡ. ಮೊಬೈಲಿನಲ್ಲಿ ಉಳಿಸಿಕೊಂಡು ಸಂಜೆ ಕಳಿಸಬಹುದು. ಮೊಬೈಲೂ ಕಷ್ಟವೆಂದರೆ ಗ್ಯಾಂಬಿಯಾದ ದಾರಿಯಿದೆ: ಅಲ್ಲಿ ನರ್ಸುಗಳು ಕಾಗದದ ನಮೂನೆಯಲ್ಲಿ ಗುರುತು ಹಾಕುತ್ತಾರೆ, ಹಾಳೆಯನ್ನು ಆಮೇಲೆ ಸ್ಕ್ಯಾನ್ ಮಾಡಿದಾಗ ತಂತ್ರಾಂಶ ಓದಿಕೊಳ್ಳುತ್ತದೆ. ಗಡಿಬಿಡಿಯ ಕೈಬರಹ ಓದುವುದಕ್ಕಿಂತ ಯಂತ್ರಕ್ಕೆ ಇದು ಎಷ್ಟೋ ಸುಲಭ. ಮಗುವಿನ ಮಾಹಿತಿ ಬಯಲಾದೀತೆಂಬ ಆತಂಕ ನೆಟ್‌ವರ್ಕ್‌ನ ಪ್ರಶ್ನೆಗಿಂತ ಗಂಭೀರ. ಅದಕ್ಕೇ ಕೋಡಿನೊಳಗೆ ನೋಂದಣಿ ಸಂಖ್ಯೆ ಬಿಟ್ಟು ಹೆಸರು, ಆಧಾರ್ ಯಾವುದೂ ಇರಬಾರದು. ಇನ್ನು ಗುಡಿಸಲಿನಲ್ಲಿ ಕಾರ್ಡು ನೆನೆದು ಹೋದ ಮಗು ಬಂದರೆ, ಮೊದಲು ಲಸಿಕೆ, ಆಮೇಲೆ ಹುಡುಕಾಟ. ಯಂತ್ರ ಗುರುತಿಸಲಿಲ್ಲವೆಂದು ಯಾವ ಮಗುವನ್ನೂ ವಾಪಸ್ ಕಳಿಸಕೂಡದು. ಇಷ್ಟಾದ ಮೇಲೂ ಸ್ಕ್ಯಾನರ್ ಕೊಡುವ ಇಲಾಖೆ ಅದೇ ಆದೇಶದಲ್ಲಿ, ಇಂದಿನಿಂದ ಯಾವ ರಿಜಿಸ್ಟರ್ ಬರೆಯಬೇಕಿಲ್ಲ ಎಂಬುದನ್ನು ಹೆಸರು ಹಿಡಿದು ಹೇಳದಿದ್ದರೆ, ನರ್ಸಮ್ಮನ ಕೆಲಸ ಕಡಿಮೆಯಾಗುವ ಬದಲು ಇನ್ನೊಂದು ಹೆಚ್ಚುತ್ತದೆ.