ಬಂದಿಗಳ ಆರೋಗ್ಯ ಸೇವೆ: ಹೊರಗುತ್ತಿಗೆ ಮತ್ತು ಸರ್ಕಾರದ ಹೊಣೆ

ಸವಣೂರು ತಾಲ್ಲೂಕಿನ ವ್ಯಕ್ತಿಯೊಬ್ಬರು ನ್ಯಾಯಾಂಗ ಬಂಧನಕ್ಕೊಳಗಾದಾಗ ಅವರ ಇನ್ಸುಲಿನ್ ಅಥವಾ ಮೂರ್ಛೆರೋಗದ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ. ಹೊರಗಿರುವವರು ಒಬ್ಬ ವೈದ್ಯರು ದೊರೆಯದಿದ್ದಲ್ಲಿ ಮತ್ತೊಬ್ಬರಲ್ಲಿಗೆ ಹೋಗಬಹುದು. ಬಂದಿಗೆ ಈ ಆಯ್ಕೆ ಇರುವುದಿಲ್ಲ. ಆದುದರಿಂದ ಚಿಕಿತ್ಸೆ ಒದಗಿಸುವುದು ಬಂಧನದಲ್ಲಿರಿಸಿದ ಸರ್ಕಾರದ ಕರ್ತವ್ಯವಾಗಿರುತ್ತದೆ.

ಹೊರಗುತ್ತಿಗೆ ಎಂದರೇನು?

ವೈದ್ಯರು, ಶುಶ್ರೂಷಕರು, ಪ್ರಯೋಗಾಲಯ ಅಥವಾ ಔಷಧಿ ಪೂರೈಕೆಯ ಸೇವೆಯನ್ನು ಒಪ್ಪಂದದ ಮೇರೆಗೆ ಖಾಸಗಿ ಸಂಸ್ಥೆಗೆ ವಹಿಸುವುದೇ ಹೊರಗುತ್ತಿಗೆ. ರಾಜ್ಯದಲ್ಲಿ 2008ರಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯು ಇಂತಹ ವ್ಯವಸ್ಥೆಗೆ ಪರಿಚಿತ ಉದಾಹರಣೆಯಾಗಿದೆ.

2016ರ ಮಾದರಿ ಕಾರಾಗೃಹ ಕೈಪಿಡಿಯನ್ವಯ 300 ಬಂದಿಗಳಿಗೆ ಒಬ್ಬ ವೈದ್ಯಾಧಿಕಾರಿ ಇರತಕ್ಕದ್ದು. ವೈದ್ಯರ ಕೊರತೆಯನ್ನು ಶೀಘ್ರವಾಗಿ ನೀಗಿಸಲು ಹೊರಗುತ್ತಿಗೆ ನೆರವಾಗಬಲ್ಲದು. ಆದರೆ ನಿಗದಿತ ಮೊತ್ತದ ಒಪ್ಪಂದದಲ್ಲಿ ಪ್ರತಿಯೊಂದು ಪರೀಕ್ಷೆಯೂ, ಹೊರ ಆಸ್ಪತ್ರೆಗೆ ಮಾಡುವ ಪ್ರತಿಯೊಂದು ಶಿಫಾರಸ್ಸೂ ಸಂಸ್ಥೆಗೆ ವೆಚ್ಚವೇ ಆಗಬಹುದು. ಆದುದರಿಂದ ವೈದ್ಯರ ಹಾಜರಾತಿ, ತುರ್ತು ಚಿಕಿತ್ಸೆಯ ಕಾಲಮಿತಿ, ದಾಖಲೆಗಳ ನಿರ್ವಹಣೆ ಹಾಗೂ ಲೋಪಕ್ಕೆ ದಂಡ, ಇವು ಒಪ್ಪಂದದಲ್ಲಿ ಸ್ಪಷ್ಟವಾಗಿರುವುದು ಅವಶ್ಯಕ.

ಹೊಣೆ ಯಾರದು?

ಸಂವಿಧಾನದ ಏಳನೇ ಅನುಸೂಚಿಯಂತೆ ಕಾರಾಗೃಹವು ರಾಜ್ಯದ ವಿಷಯ. 21ನೇ ಅನುಚ್ಛೇದದ ಜೀವಿಸುವ ಹಕ್ಕು ಬಂದಿಗಳಿಗೂ ಅನ್ವಯಿಸುತ್ತದೆ. ಸರ್ಕಾರಿ ವೈದ್ಯರಿರಲಿ, ಖಾಸಗಿ ವೈದ್ಯರಿರಲಿ, ತುರ್ತು ಸಂದರ್ಭದಲ್ಲಿ ಜೀವ ಉಳಿಸಲು ಬದ್ಧರೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪು ನೀಡಿದೆ. ಕಾರಾಗೃಹ ಚಿಕಿತ್ಸೆಯಲ್ಲಿ ಖಾಸಗಿ ಸಂಸ್ಥೆಗಳ ಪಾತ್ರ ಹೆಚ್ಚಿರುವ ಅಮೆರಿಕದಲ್ಲಿಯೂ, ಒಪ್ಪಂದದ ವೈದ್ಯರು ಬಂದಿಗೆ ನೀಡುವ ಚಿಕಿತ್ಸೆಯು ಸರ್ಕಾರದ ಪರವಾದ ಕಾರ್ಯವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1988ರಲ್ಲಿ ವೆಸ್ಟ್ ವಿರುದ್ಧ ಅಟ್ಕಿನ್ಸ್ ಪ್ರಕರಣದಲ್ಲಿ ಹೇಳಿತು. ಕೆಲಸವನ್ನು ಗುತ್ತಿಗೆಗೆ ನೀಡಬಹುದು, ಹೊಣೆಯನ್ನು ನೀಡಲಾಗದು.

ಕುಟುಂಬದವರು ಅನುಸರಿಸಬೇಕಾದ ಕ್ರಮ

1. ಬಂದಿಯ ಹಳೆಯ ಚಿಕಿತ್ಸಾ ಚೀಟಿ ಹಾಗೂ ವರದಿಗಳ ನಕಲುಗಳನ್ನು ಲಿಖಿತ ಮನವಿಯೊಂದಿಗೆ ಕಾರಾಗೃಹದ ಅಧೀಕ್ಷಕರಿಗೆ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಮೂಲ ಪ್ರತಿಗಳನ್ನು ತಮ್ಮಲ್ಲಿಯೇ ಇರಿಸಿಕೊಳ್ಳುವುದು.

2. ಚಿಕಿತ್ಸೆ ದೊರೆಯದಿದ್ದಲ್ಲಿ ಪ್ರಕರಣ ನಡೆಯುತ್ತಿರುವ ನ್ಯಾಯಾಲಯಕ್ಕೆ ವಕೀಲರ ಮೂಲಕ ಅರ್ಜಿ ಸಲ್ಲಿಸುವುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 480ನೇ ಕಲಮಿನಡಿ ಜಾಮೀನು ಪರಿಗಣಿಸುವಾಗ ಆರೋಪಿಯ ಅನಾರೋಗ್ಯವನ್ನೂ ನ್ಯಾಯಾಲಯವು ಗಮನಿಸಬಹುದಾಗಿದೆ.

3. ವಕೀಲರಿಲ್ಲದವರು ಸವಣೂರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸುವುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಬಂಧನದಲ್ಲಿರುವವರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ.

ಚಿಕಿತ್ಸೆಯು ಖಾಸಗಿ ಸಂಸ್ಥೆಗೆ ಸೇರಿದ್ದೆಂಬ ಉತ್ತರ ಬಂದಲ್ಲಿಯೂ ಮನವಿಯನ್ನು ಅಧೀಕ್ಷಕರ ಹೆಸರಿಗೇ ಸಲ್ಲಿಸತಕ್ಕದ್ದು.