ಮೂರರ ಎಲಿಗೂ ಒಂದು ಕಾಲ

ನಾಗರ ಪಂಚಮಿಯ ದಿನ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಗಪ್ ಆಗಿರುತ್ತದೆ. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಬಂತೆಂದರೆ ಕಾಲಿಡಲು ಜಾಗವಿಲ್ಲದಂತೆ ಚೀಲ ಬಂದು ಬೀಳುವ ಪ್ರಾಂಗಣ ಶ್ರಾವಣದಲ್ಲಿ ಬಣಬಣ. ಕಡ್ಡಿ, ಡಬ್ಬಿ ಎರಡೂ ಜಾತಿಯ ಕಾಯಿಗಳು ಕೋಲ್ಡ್ ಸ್ಟೋರೇಜಿನಲ್ಲಿ ತಣ್ಣಗೆ ಮಲಗಿರುತ್ತವೆ. ಆದರೂ ಗೋಡೆಗೆ, ತಗಡಿಗೆ, ಹಳೆಯ ಗೋಣಿಚೀಲಕ್ಕೆ ಅಂಟಿದ ಘಾಟು ಹೋಗುವುದಿಲ್ಲ. ಹೊರಗಿನವರು ನಾಲ್ಕು ಸಲ ಸೀನಿಯೇ ಊರೊಳಗೆ ಬರಬೇಕು.

ಹಾಲೆರೆದು ಮುಗಿದ ಮೇಲೆ ಈ ಸೀಮೆಗೆ ಬೇರೆಯದೇ ಜೀವ ಬರುತ್ತದೆ. ಬೇವಿನ ಮರದ ಜೋಕಾಲಿಯಲ್ಲಿ ಹೆಣ್ಣುಮಕ್ಕಳು ಟೊಂಗೆ ಮುಟ್ಟುವ ಹಾಗೆ ಜೀಕುತ್ತಾರೆ. ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗರಗರ ತಿರುಗಿಸುತ್ತಾರೆ. ಇಷ್ಟು ಒಗೆತಕ್ಕೆ ಆ ಕಂಬ ಮುಟ್ಟಿಸುತ್ತೇನೆ ಎಂದು ಪಂದ್ಯ ಕಟ್ಟಿದವನೊಬ್ಬ ನಿಂಬೆಹಣ್ಣು ಹಿಡಿದು ಓಣಿಯಲ್ಲಿ ನಿಂತಿರುತ್ತಾನೆ. ಉಳಿದ ಗಂಡಸರೆಲ್ಲ ಎಲ್ಲಿ ಅಂತೀರಿ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಉತ್ತರ ಒಂದೇ: ಇಸ್ಪೀಟಿನ ಎಲೆ ಹಿಡಿದು ಕೂತಿರುತ್ತಾರೆ. ಗುಡಿಯ ಹಿಂದೆ, ಹೊಲದ ಬದುವಿನಲ್ಲಿ, ಅರ್ಧ ಕಟ್ಟಿದ ಮನೆಯಲ್ಲಿ ಅಂದರ್ ಬಾಹರ್ ನಡೆಯುತ್ತಿರುತ್ತದೆ. ಮರುದಿನದ ಪೇಪರಿನ ಮೂಲೆಯಲ್ಲಿ ಇಷ್ಟು ಜನರ ಬಂಧನ, ಇಷ್ಟು ನಗದು ಜಪ್ತಿ ಎಂಬ ಎರಡು ಸಾಲು ತಪ್ಪದೆ ಬರುತ್ತದೆ.

ನಾನು ಹೇಳಹೊರಟ ಆಟ ನಡೆದದ್ದು ಮಾತ್ರ ಬ್ಯಾಡಗಿಯ ಮನೆಯೊಂದರ ಬಾಗಿಲು ತೆರೆದಿಟ್ಟ ಪಡಸಾಲೆಯಲ್ಲಿ. ನಡುವೆ ಜಮಖಾನ, ಅದರ ಮೇಲೆ ಒಂದು ಕಟ್ಟು ಎಲೆ, ಮಗ್ಗುಲಲ್ಲಿ ಹಿತ್ತಾಳೆ ತಾಟಿನ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಸೇವಿನ ಉಂಡಿ. ಮನೆಯ ಯಜಮಾನರು ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಹಾವೇರಿಯಿಂದ ಒಬ್ಬ ಹೈಸ್ಕೂಲ್ ಮಾಸ್ತರು ಬಂದಿದ್ದರು. ರಾಣೆಬೆನ್ನೂರಿನಿಂದ ಬಂದವರದು ಬೀಜದ ಅಂಗಡಿ. ಆ ಊರಿನಲ್ಲಿ ಕಲ್ಲೆಸೆದರೆ ಬೀಜದ ಅಂಗಡಿಯ ಬೋರ್ಡಿಗೇ ಬೀಳಬೇಕು. ನಾಲ್ಕನೆಯವನು ಬೆಂಗಳೂರಿನಲ್ಲಿ ಓದುವ ಸೋದರಳಿಯ. ಈ ಆಟವನ್ನು ಹೊತ್ತು ತಂದವನೂ ಅವನೇ. ಐದನೆಯವರಿಲ್ಲದೆ ತಡವಾಗುತ್ತಿತ್ತು. ಒಳಗಿನಿಂದ ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ನಾ ಕೂಡ್ತೀನಿ ತಗೋರಿ, ಕತ್ತಿ ಆಟ ನನಗ ಬರೂದಿಲ್ಲೇನು?" ಎಂದರು.

"ಕತ್ತಿ ಅಲ್ಲತ್ತಿ, ಇದು ಜಪಾನದ್ದು, ದೈಫುಗೊ," ಎಂದ ಹುಡುಗ.

"ಅಲ್ಲೂ ಎಲಿ ಖಾಲಿ ಮಾಡೂದss ಹೌದಿಲ್ಲೋ?"

ಹೌದು. ಕತ್ತೆ ಆಟದ ಹಾಗೆ ಇಲ್ಲೂ ಕೈಯಲ್ಲಿದ್ದದ್ದನ್ನು ಮೊದಲು ಖಾಲಿ ಮಾಡಿದವನೇ ಗೆದ್ದವನು. ವ್ಯತ್ಯಾಸವಿರುವುದು ಸೋತವನ ಪಾಡಿನಲ್ಲಿ. ಕತ್ತೆಯಾದವನು ನಾಲ್ಕು ಜನರ ನಗೆ ನುಂಗಿಕೊಂಡರೆ ಮುಗಿಯಿತು, ಮುಂದಿನ ಆಟಕ್ಕೆ ಎಲ್ಲರೂ ಸಮ. ದೈಫುಗೊದಲ್ಲಿ ಸೋಲು ಮುಂದಿನ ಆಟದೊಳಕ್ಕೂ ಹಿಂಬಾಲಿಸಿ ಬರುತ್ತದೆ.

ಐವತ್ತೆರಡು ಎಲೆಗೆ ಎರಡು ಜೋಕರ್ ಸೇರಿಸಿ ಪೂರ್ತಿ ಹಂಚಿದಾಗ ನಾಲ್ವರಿಗೆ ಹನ್ನೊಂದು, ಒಬ್ಬರಿಗೆ ಹತ್ತು ಬಂದವು. ಎಲೆಗಳ ದರ್ಜೆ ಕೇಳಿ ಯಜಮಾನರು ತಲೆ ಕೆರೆದುಕೊಂಡರು. ಎಲ್ಲಕ್ಕಿಂತ ಸಣ್ಣದು ಮೂರು. ನಾಲ್ಕು, ಐದು ಎಂದು ಏರುತ್ತ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ. ಎಕ್ಕದ ನೆತ್ತಿಯ ಮೇಲೆ ಎರಡು. ಎರಡರ ಮೇಲೆ ಜೋಕರ್. "ಎಕ್ಕಾನ ಮ್ಯಾಲೆ ದುರ್ರಿ ಕುಂತೈತಿ ಅಂದ್ರ ಊರ ಉಲ್ಟಾ ಐತಿ ಬಿಡು" ಎಂದು ಅವರು ಒಂದು ಎಳ್ಳುಂಡಿ ಬಾಯಿಗೆ ಹಾಕಿಕೊಂಡರು.

ಡೈಮಂಡ್ ಮೂರು ಇದ್ದವರು ಶುರು ಮಾಡಬೇಕು. ಅದು ಮಾಸ್ತರ ಕೈಯಲ್ಲಿತ್ತು. ಅವರು ಒಂಟಿ ಎಲೆ ಇಟ್ಟರೆ ಮುಂದಿನವರೂ ಒಂಟಿಯನ್ನೇ, ಅದಕ್ಕಿಂತ ದೊಡ್ಡದನ್ನೇ ಇಡಬೇಕು. ಜೋಡಿ ಇಟ್ಟರೆ ಜೋಡಿ, ಮೂರು ಒಂದೇ ತರಹದವು ಬಿದ್ದರೆ ಮೂರು. ಇಡಲಾಗದವರು, ಇಡಲು ಮನಸ್ಸಿಲ್ಲದವರು ಪಾಸ್ ಎನ್ನಬಹುದು. ಎಲ್ಲರೂ ಪಾಸ್ ಎಂದಾಗ ಬಿದ್ದ ಎಲೆಗಳನ್ನು ಬದಿಗೆ ಸರಿಸುತ್ತಾರೆ. ಕೊನೆಗೆ ಎಲೆ ಇಟ್ಟವರು ತಮಗೆ ಬೇಕಾದ್ದರಿಂದ ಹೊಸದಾಗಿ ಶುರು ಮಾಡುತ್ತಾರೆ. ಜೋಕರ್ ಒಂಟಿಯಾಗಿ ಎಲ್ಲವನ್ನೂ ಹೊಡೆಯುತ್ತದೆ, ಬೇಕಾದರೆ ಇನ್ನೊಂದು ಎಲೆಗೆ ಜೋಡಿಯಾಗಿಯೂ ಕೂಡುತ್ತದೆ. ಎಂಟು ಬಿದ್ದರೆ ಅಲ್ಲಿಗೇ ಕಟ್: ಮುಂದಿನವರು ಎಷ್ಟೇ ದೊಡ್ಡ ಎಲೆ ಹಿಡಿದಿದ್ದರೂ ಗುಡ್ಡೆ ಸರಿಯುತ್ತದೆ, ಎಂಟು ಹಾಕಿದವರೇ ಮತ್ತೆ ಆಡುತ್ತಾರೆ. ಹಳೆಯ ಆಟಗಾರರು ಎಂಟನ್ನು ಕೊನೆಯ ತನಕ ಬಚ್ಚಿಡುವುದು ಇದಕ್ಕೇ. ಎಂಟು ಇಟ್ಟು, ಗುಡ್ಡೆ ಸರಿಸಿ, ಉಳಿದ ಒಂದು ಸಣ್ಣ ಎಲೆ ಒಗೆದು ಎದ್ದುಬಿಡಬಹುದು.

ಮೊದಲ ಆಟ ಗೊಂದಲದಲ್ಲೇ ಮುಗಿಯಿತು. ಯಾರೋ ಜೋಡಿಯ ಮೇಲೆ ಒಂಟಿ ಇಟ್ಟರು, ಯಾರೋ ಪಾಸ್ ಅಂದು ಮತ್ತೆ ಎಲೆ ಹಾಕಿದರು. (ಪಾಸ್ ಅಂದವರು ಅದೇ ಸುತ್ತಿನಲ್ಲಿ ಮರಳಿ ಬರಬಹುದೇ ಎಂಬುದು ಜಪಾನಿನಲ್ಲೂ ಕೂತ ಮಂದಿಯ ಮೇಲೆ ಹೋಗುತ್ತದೆ. ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಪಂಚಮಿ ದಿನವೇ ಜಗಳ.) ಬೀಜದ ಅಂಗಡಿಯವರು ಮೊದಲು ಕೈ ಖಾಲಿ ಮಾಡಿ ದೊಡ್ಡ ಸಾಹುಕಾರರಾದರು. ಎರಡನೆಯವನಾದ ಹುಡುಗ ಸಣ್ಣ ಸಾಹುಕಾರ. ಮನೆಯಾಕೆ ನಡುವಿನ ಸಾಮಾನ್ಯರು, ಯಜಮಾನರು ಬಡವರು. ಕೈತುಂಬ ಎಲೆ ಹಿಡಿದೇ ಉಳಿದ ಮಾಸ್ತರು ಕಡುಬಡವರು.

"ಈಗ ಎಲಿ ಹಂಚ್ರಿ ಸರ್. ಹಂಚಿ, ನಿಮ್ಮ ಕೈಯಾಗಿನ ಭಾರೀ ಎಲಿ ಎರಡು ತಗದು ಸಾಹುಕಾರ್ರಿಗೆ ಕೊಡ್ರಿ."

"ಯಾಕಪಾ?"

"ನೀವು ಕಡುಬಡವರಲ್ರೀ."

"ಅವರೇನ್ ಕೊಡ್ತಾರ ನನಗ?"

"ಅವರಿಗೆ ಬ್ಯಾಡಾದ ಎರಡು ಎಲಿ."

ಮಾಸ್ತರು ಒಂದು ಜೋಕರನ್ನೂ ಕಳಾವರ ಎರಡನ್ನೂ ಜಮಖಾನದ ಮೇಲೆ ಇಟ್ಟರು. ಅದರ ಬದಲಿಗೆ ಬಂದದ್ದು ಒಂದು ಮೂರು, ಒಂದು ನಾಲ್ಕು. ಬಡವರಾದ ಯಜಮಾನರೂ ಒಂದು ಎಕ್ಕ ಕೊಟ್ಟು ಹುಡುಗನಿಂದ ಒಂದು ಐದನ್ನು ಇಸಿದುಕೊಂಡರು. ಸಾಮಾನ್ಯರಿಗೆ ಕೊಡುವ ಬಾಬತ್ತೂ ಇಲ್ಲ, ತಗೊಳ್ಳುವ ಬಾಬತ್ತೂ ಇಲ್ಲ. "ಇದು ಆಟ ಏನಲ್ಲ ಬಿಡ್ರಿ, ನಮ್ಮ ಸಂತಿ ಹಿಸಾಬ ಐತಿ" ಎಂದು ಯಜಮಾನರು ನಕ್ಕರು. ದರ ಇಳಿದರೆ ಏನಾಗುತ್ತದೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಮಾರ್ಚ್ 11ರ ಸೋಮವಾರ ಮೆಣಸಿನಕಾಯಿ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಇಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳು ಹೊತ್ತಿ ಉರಿದದ್ದು ಎಲ್ಲರ ಕಣ್ಣಲ್ಲೂ ಇದೆ. ಆಟದ ಸಾಹುಕಾರಿಕೆಯನ್ನು ಇವರು ತಕ್ಷಣ ಹಿಡಿದುಕೊಂಡದ್ದರಲ್ಲಿ ನನಗಂತೂ ಆಶ್ಚರ್ಯವಾಗಲಿಲ್ಲ.

ಎರಡನೆಯ ಆಟ ಅರ್ಧದವರೆಗೆ ಹೇಗೆ ಸಾಗಬೇಕೋ ಹಾಗೇ ಸಾಗಿತು. ಸಾಹುಕಾರರು ಎಕ್ಕ ಒಗೆದರೆ ಎದುರು ಉಸಿರಿಲ್ಲ. ಅವರ ಕೈಯಲ್ಲಿ ನಾಲ್ಕೇ ಎಲೆ ಉಳಿದವು. ಮಾಸ್ತರು ಪಾಸ್ ಪಾಸ್ ಎನ್ನುತ್ತ ಉಂಡಿ ತಿನ್ನುವ ಕೆಲಸಕ್ಕೆ ಇಳಿದಿದ್ದರು. ಆಗ ಮನೆಯಾಕೆಯ ಸರದಿ ಬಂತು. ಅವರು ಕೈಯಲ್ಲಿದ್ದ ಎಲೆಗಳನ್ನು ಒಮ್ಮೆ ಹಿಂದೆ ಮುಂದೆ ಸರಿಸಿ ನೋಡಿ, ನಾಲ್ಕು ಆರುಗಳನ್ನು ಒಟ್ಟಿಗೇ ಜಮಖಾನದ ಮೇಲೆ ಹರವಿದರು.

ಹುಡುಗ ಎದ್ದೇ ನಿಂತ. "ಅತ್ತಿ, ಕ್ರಾಂತಿ ಮಾಡಿದ್ರಿ!"

ಒಂದೇ ತರಹದ ನಾಲ್ಕು ಎಲೆ ಬಿದ್ದರೆ ದರ್ಜೆಯೆಲ್ಲ ತಲೆಕೆಳಗು. ಆ ಕ್ಷಣದಿಂದ ಮೂರೇ ದೊಡ್ಡದು, ಅದರ ಕೆಳಗೆ ನಾಲ್ಕು. ಎಕ್ಕವೂ ಎರಡೂ ತಳಕ್ಕೆ. ಜೋಕರ್ ಒಂದೇ ತನ್ನ ಜಾಗ ಬಿಡುವುದಿಲ್ಲ. ಇನ್ನೊಬ್ಬರು ಮತ್ತೆ ನಾಲ್ಕು ಒಟ್ಟಿಗೆ ಹಾಕಿದರಷ್ಟೇ ಹಳೆಯ ಕ್ರಮ ಮರಳುತ್ತದೆ. ಸಾಹುಕಾರರ ಕೈಯಲ್ಲಿ ಎರಡರ ಎಲೆಗಳು ಎರಡು, ರಾಜ ಒಂದು. ಜೋಕರ್ ಒಂದಿದ್ದರೂ ಒಂದು ಸಲಕ್ಕಷ್ಟೇ ಅದರ ಆಟ. ಇತ್ತ ಮಾಸ್ತರು ಉಂಡಿ ಕೆಳಗಿಟ್ಟರು. ಸಾಹುಕಾರರು ಕಸವೆಂದು ಒಗೆದಿದ್ದ ಮೂರು, ನಾಲ್ಕು ಇವರ ಕೈಯಲ್ಲೇ ಇದ್ದವಲ್ಲ! ಮೊದಲು ನಾಲ್ಕರ ಎಲೆ ಹಾಕಿದರು, ಯಾರೂ ಮುಟ್ಟಲಿಲ್ಲ. ಸಾಹುಕಾರರು ಜೋಕರನ್ನು ಆಗಲೇ ಸುಟ್ಟುಕೊಂಡಿದ್ದರು. ಐದರ ಜೋಡಿ ಹಾಕಿದರು, ಅದೂ ದಾಟಿತು. ಕೊನೆಗೆ ಉಳಿದ ಒಂದೇ ಮೂರನ್ನು ಪಟ್ಟನೆ ಬಡಿದು ಕೈ ಝಾಡಿಸಿಕೊಂಡರು.

ಇನ್ನೊಂದು ನಿಯಮ ಆಗ ಹೊರಬಿತ್ತು. ಹಿಂದಿನ ದೊಡ್ಡ ಸಾಹುಕಾರ ಈ ಸಲ ಮೊದಲು ಎದ್ದುಹೋಗದಿದ್ದರೆ ಅವನಿಗೆ ಎರಡನೇ ಸ್ಥಾನ, ಮೂರನೇ ಸ್ಥಾನ ಎಂಬುದಿಲ್ಲ. ಎಲೆ ಕೆಳಗಿಟ್ಟು ನೇರ ಕಡುಬಡವನಾಗಬೇಕು. ರಾಜಧಾನಿಯಿಂದ ಉರುಳಿ ಬೀಳುವುದು ಎನ್ನುತ್ತಾರಂತೆ ಜಪಾನಿನವರು. ಬೀಜದ ಅಂಗಡಿಯವರು ಜಮಖಾನದ ಆ ತುದಿಗೆ ಸರಿದರು. ಕ್ರಾಂತಿ ಮಾಡಿದ ಮನೆಯಾಕೆಗೆ ಸಿಕ್ಕದ್ದು ಎರಡನೆಯ ಜಾಗ. "ಬೆಂಕಿ ಹಚ್ಚಿದಾಕಿ ನಾನು, ಚಳಿ ಕಾಸಿಕೊಂಡವರು ಮಾಸ್ತರು" ಎಂದು ಅವರು ಚಹಾ ಇಡಲು ಎದ್ದರು. ಕ್ರಾಂತಿಗಳ ಚರಿತ್ರೆಯನ್ನು ಇಷ್ಟು ಚುಟುಕಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮಾಸ್ತರು ಗೆದ್ದ ಹುಮ್ಮಸ್ಸಿನಲ್ಲಿ ಕನಕದಾಸರನ್ನು ನೆನೆದರು. ಕಾಗಿನೆಲೆ ಇದೇ ಬ್ಯಾಡಗಿ ತಾಲ್ಲೂಕಿನದು, ನೆನೆಯದೆ ಇರಲು ಸಾಧ್ಯವೇ? 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ದೊಡ್ಡಸ್ತಿಕೆಯ ಜಗಳ ಬೀಳುತ್ತದೆ. ಬಡವರ ಕಾಳೆಂದು ರಾಗಿಯನ್ನು ಅಕ್ಕಿ ಹೀಯಾಳಿಸುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಅಕ್ಕಿ ಕೆಟ್ಟು ಹೋಗುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ, ರಾಮನ ಮನ್ನಣೆ ಅದಕ್ಕೆ ಸಲ್ಲುತ್ತದೆ. "ಮೂರರ ಎಲಿ ಅಂದ್ರ ರಾಗಿ ತಿಳೀರಿ" ಎಂದರು ಮಾಸ್ತರು. ಮುಂದಿನ ಆಟದಲ್ಲಿ ಯಾರೂ ಕ್ರಾಂತಿ ಮಾಡದೆಯೇ ಅವರ ಸಾಹುಕಾರಿಕೆಯೂ ಹೋಯಿತು, ಅದು ಬೇರೆ ಮಾತು.

ಎಲೆಗಳ ದರ್ಜೆ ಮಗುಚುವುದು ನಮ್ಮ ನೆಲಕ್ಕೂ ಹೊಸದಲ್ಲ. ಮೊಗಲರ ಕಾಲದ ಗಂಜೀಫಾದಲ್ಲಿ ಎಂಟು ಜಾತಿಯ 96 ದುಂಡು ಎಲೆಗಳು. ನಾಲ್ಕು ಜಾತಿಗಳ ಅಂಕಿ ಎಲೆಗಳಲ್ಲಿ ಹತ್ತು ದೊಡ್ಡದಾದರೆ ಉಳಿದ ನಾಲ್ಕರಲ್ಲಿ ಒಂದೇ ದೊಡ್ಡದು. ದಶಾವತಾರ ಗಂಜೀಫಾದ 120 ಎಲೆಗಳಲ್ಲೂ ಅರ್ಧಕ್ಕರ್ಧ ಹೀಗೇ ಉಲ್ಟಾ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಈ ಆಟದ ಹುಚ್ಚು ಎಷ್ಟಿತ್ತೆಂದರೆ ತಾವೇ ಹೊಸ ಹೊಸ ಕಟ್ಟುಗಳನ್ನು ಹೊಸೆದರು. ಜಪಾನಿಗೆ ಇಸ್ಪೀಟನ್ನು ಮುಟ್ಟಿಸಿದವರು 16ನೇ ಶತಮಾನದ ಪೋರ್ಚುಗೀಸರು. ಜೂಜು ಹೆಚ್ಚಿತೆಂದು ಅಲ್ಲಿನ ಸರ್ಕಾರ ಎಲೆ ನಿಷೇಧಿಸಿದಾಗಲೆಲ್ಲ ಜನ ಚಿತ್ರ ಬದಲಿಸಿ ಬೇರೆ ಕಟ್ಟು ತಂದರು. ಹೂವಿನ ಚಿತ್ರದ ಹನಫುದ ಎಲೆ ಮಾಡಲೆಂದೇ 1889ರಲ್ಲಿ ಕ್ಯೋಟೊದಲ್ಲಿ ಹುಟ್ಟಿದ ಅಂಗಡಿ ಇವತ್ತಿನ ನಿಂಟೆಂಡೊ. ಪೊಲೀಸರಿಗೂ ಇಸ್ಪೀಟಿಗೂ ಇರುವ ನಂಟು ಹಾವೇರಿ ಜಿಲ್ಲೆಯದಷ್ಟೇ ಅಲ್ಲ ಎಂದ ಹಾಗಾಯಿತು.

ಬೀದಿಯಲ್ಲಿ ದುಡ್ಡು ಕಟ್ಟಿ ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಕಾದಿರುತ್ತದೆ. ರಮ್ಮಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆಯಾದರೂ, ಅಂದರ್ ಬಾಹರ್‌ನಲ್ಲಿ ಎಲೆ ಒಳಗೆ ಬೀಳುತ್ತದೋ ಹೊರಗೋ ಎಂದು ಕಾಯುವುದರಲ್ಲಿ ಯಾವ ಕೌಶಲವೂ ನನಗೆ ಕಾಣುವುದಿಲ್ಲ. ದೈಫುಗೊದಲ್ಲಿ ಕಟ್ಟಬೇಕಾದ ಪಣವೆಂದರೆ ಕೂಡುವ ಜಾಗ ಮಾತ್ರ. ಆ ಪಡಸಾಲೆಯಲ್ಲಿ ಸಾಹುಕಾರರಿಗೆ ಗೋಡೆಗೊರಗುವ ಲೋಡು, ಕಡುಬಡವರಿಗೆ ಎಲೆ ಕಲಸಿ ಹಂಚುವ ಕೆಲಸ, ಜೊತೆಗೆ ಚಹಾದ ಕಪ್ಪು ಒಳಗೊಯ್ಯುವ ಕೆಲಸ. ಬೀಜದ ಅಂಗಡಿಯವರು ಕಪ್ಪು ಎತ್ತುವಾಗ ಎದ್ದ ನಗೆ ಜೋಕಾಲಿಯ ತನಕ ಕೇಳಿಸಿತು. ನೂರು ರೂಪಾಯಿ ಗೆದ್ದಿದ್ದರೂ ಅಂಥ ನಗೆ ಬರುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಆಡಿ ನೋಡಿ. ನಾಲ್ಕೇ ಜನರಿದ್ದರೆ ಸಾಮಾನ್ಯರ ಜಾಗ ತೆಗೆದುಬಿಡಿ. ಆರೇಳು ಜನರಾದರೆ ಸಾಮಾನ್ಯರೇ ಹೆಚ್ಚಾಗಲಿ. ಮೊದಲ ದಿನ ಎಂಟರ ಕಟ್ ಮತ್ತು ಕ್ರಾಂತಿ ಎರಡಿದ್ದರೆ ಸಾಕು. ಒಂದೇ ಜಾತಿಯ ಮೂರು ಎಲೆ ಸಾಲಾಗಿ ಇಡುವುದು, ಒಂಟಿ ಜೋಕರನ್ನು ಇಸ್ಪೀಟ್ ಮೂರು ಹೊಡೆಯುವುದು, ಎರಡನ್ನೋ ಜೋಕರನ್ನೋ ಕೊನೆಯ ಎಲೆಯಾಗಿ ಇಟ್ಟು ಗೆಲ್ಲಬಾರದು ಎಂಬುದು, ಇವೆಲ್ಲ ಕೈ ಪಳಗಿದ ಮೇಲೆ ಬರಲಿ. ಒಂದೇ ಆಟಕ್ಕೆ ಏಳಬೇಡಿ, ರುಚಿ ಹತ್ತುವುದು ಮೂರನೆಯದರಿಂದ. ಮತ್ತೆ, ಮನೆಯ ಹೆಣ್ಣುಮಕ್ಕಳನ್ನೂ ಕೂಡಿಸಿಕೊಳ್ಳಿ.